ಉಸ್ತಾದರ ಕೈ, ಹನ್ನೊಂದು ಗಾಡಿ

ನಮಗೆ ಕಸಬು ಕಲಿಸಿದ ಉಸ್ತಾದರನ್ನು ಮಣ್ಣು ಮಾಡಿ ಬಂದು ಕಮಲಾಪುರದ ಅವರ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಅವರ ಕೈಕೆಳಗೆ ದುಡಿದವರು ನನ್ನನ್ನೂ ಸೇರಿಸಿ ಆರು ಜನ. ಚಹಾ ಬರುವ ಮೊದಲೇ ಐದು ಜನ ತಮ್ಮ ತಮ್ಮ ಗಾಯ ತೋರಿಸಿ ಮುಗಿಸಿದ್ದರು. ಒಬ್ಬನ ಹುಬ್ಬಿನ ಮೇಲೆ ನಟ್ಟು ತಿರುಗಿಸುವ ಪಾನಾ ಎಸೆದಾಗ ಆದ ಗೆರೆ. ಇನ್ನೊಬ್ಬನ ಮೊಣಕೈ ಹತ್ತಿರ ಕಾದ ತಗಡು ಒತ್ತಿದ ಕಲೆ. ವೆಲ್ಡರ್ ಮಹಾದೇವಪ್ಪ ತೋರುಬೆರಳು ಎತ್ತಿ, ಸೊಟ್ಟಗೆ ಬೆಳೆದ ಉಗುರನ್ನು ಸುತ್ತ ಎಲ್ಲರಿಗೂ ತೋರಿಸಿದ. ಎಲ್ಲರೂ ನಕ್ಕರು.

“ಬಡದಾರ, ಖರೆ. ಆದ್ರ ಆ ಏಟು ಬಿದ್ದಿದ್ದಿಲ್ಲಂದ್ರ ನಮಗ ಕಸಬು ಬರ್ತಿತ್ತೇನು?” ಅಂದ ಮಹಾದೇವಪ್ಪ.

“ಎಲ್ಲೀದ ಬರ್ತದ ಬಿಡು,” ಅಂದರು ಉಳಿದವರು.

ಸತ್ತವರ ಮನೆಯ ಕಟ್ಟೆಯ ಮೇಲೆ ಕೂತು ವಾದ ಮಾಡಬಾರದು. ಆದರೆ ನನ್ನ ಹತ್ತಿರ ಬೇರೆ ಲೆಕ್ಕವಿದೆ. ಅದನ್ನು ಇಲ್ಲಿ ಬರೆಯುತ್ತೇನೆ.

ಐಟಿಐ ಮುಗಿಸಿ ಕಲಬುರಗಿಯ ಹುಮನಾಬಾದ್ ರಸ್ತೆಯ ಆ ಶೆಡ್ಡಿಗೆ ಫಿಟ್ಟರ್ ಆಗಿ ಸೇರಿದಾಗ ನನಗೆ ಇಪ್ಪತ್ತೊಂದು ವರ್ಷ. ಬರೀ ಇಂಜಿನ್, ಚಾಸಿ ಇರುವ ಗಾಡಿಗಳು ಅಲ್ಲಿಗೆ ಬರುತ್ತವೆ. ನಾವು ಕಬ್ಬಿಣದ ಚೌಕಟ್ಟು ಕಟ್ಟಿ, ಮೇಲೆ ತಗಡು ಹೊದಿಸಿ, ಅದನ್ನು ಸರಕಿನ ಟೆಂಪೊನೋ ಶಾಲೆಯ ವ್ಯಾನೋ ಮಾಡಿ ಕಳಿಸುತ್ತೇವೆ. ತಗಡನ್ನು ಚೌಕಟ್ಟಿಗೆ ಹಿಡಿದಿಡುವುದು ಪಾಪ್ ರಿವೆಟ್. ಟೊಳ್ಳು ರಿವೆಟ್ಟಿನೊಳಗೆ ಒಂದು ಮೊಳೆ ಇರುತ್ತದೆ. ರಂಧ್ರದಲ್ಲಿ ರಿವೆಟ್ ಇಟ್ಟು, ಗನ್ನಿನಿಂದ ಮೊಳೆಯನ್ನು ಜಗ್ಗಿದರೆ ಒಳಗಿನ ತುದಿ ಉಬ್ಬಿ ತಗಡನ್ನು ಕಚ್ಚಿ ಹಿಡಿಯುತ್ತದೆ. ಮೊಳೆ ಟಪ್ಪೆಂದು ಮುರಿದು ಹೊರಬರುತ್ತದೆ. ಆ ಶಬ್ದವನ್ನು ದಿನಕ್ಕೆ ನಾನೂರು ಐನೂರು ಸಲ ಕೇಳುತ್ತಿದ್ದೆ. ಎಷ್ಟು ಸಲ ಎಂಬುದು ನನಗೆ ಗೊತ್ತಿರುತ್ತಿತ್ತು, ಏಕೆಂದರೆ ಬರೆದಿಡುತ್ತಿದ್ದೆ. ಯಾವ ಗಾಡಿ, ಯಾವ ಡ್ರಿಲ್ ಬಿಟ್ಟು, ಎಷ್ಟು ರಂಧ್ರ, ಎಷ್ಟು ತಪ್ಪು, ಎಲ್ಲ. ಚಿಕ್ಕಂದಿನಿಂದ ಬಂದ ಚಾಳಿ. ಉಸ್ತಾದರು ಇದನ್ನು ಮೊದಲನೇ ದಿನವೇ ನೋಡಿ ನನಗೆ ‘ಮುನ್ಶಿ’ ಎಂದು ಹೆಸರಿಟ್ಟರು. ನಿಜವಾದ ಹೆಸರನ್ನು ಕೊನೆಯವರೆಗೂ ಕೇಳಲಿಲ್ಲ.

ಗಿಡ್ಡ ಮನುಷ್ಯ, ಕುತ್ತಿಗೆ ದಪ್ಪ. ಹಣೆಯ ಮೇಲೆ ಅಡ್ಡಕ್ಕೆ ಬಳಿದ ವಿಭೂತಿ ಹತ್ತು ಗಂಟೆಗೇ ಬೆವರಿನಲ್ಲಿ ಹುಬ್ಬಿಗೆ ಇಳಿದಿರುತ್ತಿತ್ತು. ಎಡಗೈ ಹೆಬ್ಬೆರಳು ಸುತ್ತಿಗೆಯ ಪೆಟ್ಟು ತಿಂದು ತಿಂದು ಚಮಚದ ಹಾಗೆ ಚಪ್ಪಟೆಯಾಗಿತ್ತು. ದಿನಾ ಕಮಲಾಪುರದಿಂದ ಏಳೂವರೆಯ ಬಸ್ಸಿಗೆ ಬರುತ್ತಿದ್ದರು.

ಸೇರಿದ ಎರಡನೇ ದಿನ ಅವರು ರಸ್ತೆ ಬದಿಯಿಂದ ಒಂದು ಕಲ್ಲಂಗಡಿ ತಂದರು. ತಿನ್ನಲಿಕ್ಕೆ ಅಂದುಕೊಂಡೆ. ಅದನ್ನು ಡ್ರಮ್ಮಿನ ಮೇಲೆ ಇಟ್ಟು, ಮೂಲೆಯಲ್ಲಿದ್ದ ಮೂರಡಿ ತಗಡನ್ನು, ಅವರ ಮಾತಿನಲ್ಲಿ ಪತ್ರಾ, ಎರಡೂ ಕೈಯಲ್ಲಿ ಎತ್ತಿ ಬೀಸಿದರು. ಅಂಚು ಹಣ್ಣಿನ ನಡುಮಟ ಇಳಿದು ನಿಂತಿತು. ಕೆಂಪು ರಸ ನನ್ನ ಅಂಗಿಯ ಮೇಲೆ, ಮುಖದ ಮೇಲೆ.

“ಇದು ಸೈಕಲ್ ಮ್ಯಾಲ ಹೊಂಟ ಮನುಷ್ಯಾನ ಕುತ್ತಿಗಿ,” ಅಂದರು. “ಗಾಡಿ ಎಂಬತ್ತರ ಮ್ಯಾಲ ಓಡಾಕತ್ತಿರ್ತದ. ಒಂದ್ ರಿವೆಟ್ ಬಿಡ್ತದ, ಬಾಜೂದು ಬಿಡ್ತದ, ಪತ್ರಾ ಬಾಯಿ ತಗೀತದ. ನೋಡೀದಿಲ್ಲೋ ಮುನ್ಶಿ? ಬರಕೋ.”

ಬರೆದುಕೊಂಡೆ. ಅವರು ಹೇಳಿದ್ದೆಲ್ಲ ಬರೆದುಕೊಂಡೆ, ಮತ್ತು ಅದರಲ್ಲಿ ಒಂದಕ್ಷರವೂ ತಪ್ಪಿಲ್ಲ ಎಂದು ಈಗಲೂ ಹೇಳುತ್ತೇನೆ. ರಂಧ್ರ ರಿವೆಟ್ಟಿಗಿಂತ ಕೂದಲೆಳೆಯಷ್ಟು ಮಾತ್ರ ದೊಡ್ಡದಿರಬೇಕು. 3.2 ಮಿಲಿಮೀಟರಿನ ರಿವೆಟ್ಟಿಗೆ 3.3ರ ಬಿಟ್ಟು, 4ಕ್ಕೆ 4.1, 4.8ಕ್ಕೆ 4.9. ಕೈಗೆ ಸಿಕ್ಕಿತೆಂದು ಐದೂವರೆಯ ಬಿಟ್ಟು ಹಾಕುವವನು ಕೊಲೆಗಾರ. ರಿವೆಟ್ಟಿನ ಉದ್ದ ಎರಡು ತಗಡಿನ ದಪ್ಪದ ಮೇಲೆ ಅದರದೇ ದಪ್ಪದ ಒಂದೂವರೆಯಷ್ಟು ಹೆಚ್ಚಿರಬೇಕು. ಸಣ್ಣ ರಿವೆಟ್ಟಿಗೆ ಒಂದೇ ಕೈಯ ಗನ್ ಸಾಕು. 4.8ಕ್ಕೆ ಉದ್ದ ಹಿಡಿಕೆಯ ಎರಡು ಕೈಯ ಗನ್ನೇ ಬೇಕು. ಸಣ್ಣದರಲ್ಲಿ ಜಗ್ಗಿದರೆ ಅದರ ಹಲ್ಲು ಸವೆಯುತ್ತದೆ, ಕೈ ಸೋತು ಅರ್ಧಕ್ಕೇ ಬಿಡುತ್ತದೆ, ರಿವೆಟ್ ಕಚ್ಚುವುದಿಲ್ಲ. ಎಲ್ಲಕ್ಕಿಂತ ಮೇಲೆ ಅವರದೇ ಒಂದು ಮಾತಿತ್ತು: “ರಿವೆಟ್ ಹೆಬ್ಬಟ್ಟಿಗಿ ಒಳಗ ಹೋಗಬೇಕು. ಊದಿದ್ರ ಹೋಗಬಾರದು.”

ತಪ್ಪಿದವರಿಗೆ ಏಟು. ರಬ್ಬರ್ ಪೈಪಿನಿಂದ, ಉಕ್ಕಿನ ಸ್ಕೇಲಿನ ಮೈಯಿಂದ, ಏನೂ ಸಿಗದಿದ್ದರೆ ಹಣೆಯಿಂದ. ಒಮ್ಮೆ 4.9ರ ಬಿಟ್ಟು ಮುರಿದಿತ್ತೆಂದು ಮಹಾದೇವಪ್ಪ ದೊಡ್ಡ ಬಿಟ್ಟಿನಲ್ಲಿ ಆರು ರಂಧ್ರ ಹೊಡೆದ. ಉಸ್ತಾದರು ಬಯ್ಯಲಿಲ್ಲ. ಅವನ ಮಣಿಕಟ್ಟು ಹಿಡಿದು ಎಳೆದೊಯ್ದು, ತೋರುಬೆರಳನ್ನು ಕಬ್ಬಿಣ ಬಿಗಿದಿಡುವ ವೈಸಿನ ದವಡೆಗಳ ನಡುವೆ ಇಟ್ಟು ಹಿಡಿಕೆ ತಿರುಗಿಸಿದರು. ಅರ್ಧ ಸುತ್ತು. ಮತ್ತೆ ಕಾಲು ಸುತ್ತು. ಆರಡಿ ಎತ್ತರದ ಗಂಡಸು ಮೊಣಕಾಲೂರಿ “ಯವ್ವಾ, ಯವ್ವಾ” ಅಂದ.

“ಬಿಗಿ ಅಂದ್ರ ಇದು. ಈಗ ತಿಳೀತಲ್ಲ?”

“ತಿಳೀತರಿ, ಬಿಡ್ರಿ, ನಿಮ್ಮ ಕಾಲು ಬೀಳ್ತೀನಿ.”

ನಾವು ಉಳಿದವರು ನಿಂತು ನೋಡಿದೆವು. ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಅದನ್ನು ಕೆಳಗೂ ಇಡಲಿಲ್ಲ, ಮೇಲೂ ಎತ್ತಲಿಲ್ಲ.

ಅವರ ಬುತ್ತಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಎರಡು ಇರುತ್ತಿದ್ದವು. ಒಂದನ್ನು ತಾವು ತಿಂದು, ಇನ್ನೊಂದನ್ನು ಆ ದಿನ ಏಟು ತಿಂದವನ ಮುಂದೆ ಮಾತಿಲ್ಲದೆ ಇಟ್ಟು ಹೋಗುತ್ತಿದ್ದರು. ಬೆಳಿಗ್ಗೆ ಶೆಡ್ಡಿನಲ್ಲಿ “ಇವತ್ತ ಹಣ್ಣು ಯಾರಿಗೆ?” ಎಂಬುದು ತಮಾಷೆಯಾಗಿತ್ತು. ನನ್ನ ಪಾಲಿಗೆ ಬಂದ ಹಣ್ಣುಗಳನ್ನು ಗೇಟಿನ ಹೊರಗಿನ ಆಡಿಗೆ ಹಾಕಿದೆ.

ಎರಡು ವರ್ಷ ನಾಲ್ಕು ತಿಂಗಳಲ್ಲಿ ನನಗೆ ಬಿದ್ದದ್ದು ಮೂವತ್ತೊಂದು ಏಟು. ಇದನ್ನು ಬರೆದಿಟ್ಟದ್ದು ಸೇಡಿಗಲ್ಲ. ಎಲ್ಲವನ್ನೂ ಬರೆಯುವವನು ಇದನ್ನೊಂದು ಬಿಟ್ಟರೆ ಸುಳ್ಳಾಗುತ್ತದೆ. ಒಂದು ಭಾನುವಾರ ಕೂತು ಏಟು ಬಿದ್ದ ದಿನಗಳನ್ನೂ ತಪ್ಪು ರಂಧ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಶೆಡ್ಡಿನಲ್ಲಿ ಯಾರಿಗಾದರೂ ಏಟು ಬಿದ್ದ ದಿನ, ಅದಾದ ಮೇಲೆ ನನ್ನ ಕೈಯಿಂದ ಐದಾರು ರಂಧ್ರ ತಪ್ಪುತ್ತಿದ್ದವು. ಬೀಳದ ದಿನ ಒಂದೋ ಎರಡೋ. ಏಟಿನಿಂದ ಕೈ ಕಲಿಯಲಿಲ್ಲ, ನಡುಗಿತು. ಕಟ್ಟೆಯ ಮೇಲೆ ಬಾಯಿಗೆ ಬಂದರೂ ನುಂಗಿಕೊಂಡ ಮಾತು ಇದು. ಆದರೆ ಇದೂ ಪೂರ್ತಿ ಲೆಕ್ಕವಲ್ಲ.

ಬಿಟ್ಟಿನ ಮೂತಿ ಸವೆದಾಗ ಸಾಣೆ ಹಿಡಿಯುವ ಕೆಲಸ ಉಸ್ತಾದರೊಬ್ಬರದೇ. ಬೇರೆ ಯಾರೂ ಆ ಕಲ್ಲಿನ ಹತ್ತಿರ ಹೋಗುವಂತಿರಲಿಲ್ಲ. ಮೂತಿಯ ಎರಡೂ ಅಂಚು ಸಮ ಇರಬೇಕು. ಒಂದು ಉದ್ದ, ಒಂದು ಗಿಡ್ಡ ಆದರೆ ಬಿಟ್ಟು ಓಲಾಡುತ್ತ ತಿರುಗಿ ತನಗಿಂತ ದೊಡ್ಡ ರಂಧ್ರ ಕೊರೆಯುತ್ತದೆ. ಬಿಟ್ಟಿನ ಮೇಲೆ 4.9 ಎಂದೇ ಬರೆದಿರುತ್ತದೆ; ರಂಧ್ರ 5.3 ಆಗಿರುತ್ತದೆ. ಅವರು ಅಳತೆ ಹಿಡಿಯದೆ ಕಣ್ಣಲ್ಲೇ ಸಮ ಮಾಡುತ್ತಿದ್ದರು. ಮೂವತ್ತು ವರ್ಷ ಹಾಗೇ ಮಾಡಿದ್ದರು. ಆ ವರ್ಷ ಅವರ ಬಲಗಣ್ಣಿಗೆ ಪೊರೆ ಬರತೊಡಗಿತ್ತು. ಬಸ್ಸಿನ ಬೋರ್ಡ್ ಓದಲು ಬೇರೆಯವರನ್ನು ಕೇಳುತ್ತಿದ್ದರು. ನಮಗೆಲ್ಲ ಕಾಣುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಜೂನ್ ತಿಂಗಳ ಮೊದಲ ಶನಿವಾರ. ಶೆಡ್ಡಿನಲ್ಲಿ ಶಾಲೆಯೊಂದರ ವ್ಯಾನ್ ನಿಂತಿತ್ತು. ಸೋಮವಾರ ಶಾಲೆ ಶುರು, ಅವತ್ತೇ ವ್ಯಾನ್ ಹೋಗಬೇಕು. ಅದು ಮಕ್ಕಳನ್ನು ಕರೆತರುವುದು ನಮ್ಮ ತಾಜಸುಲ್ತಾನಪುರದಿಂದ. ನಮ್ಮ ಓಣಿಯ ಐದು ಮಕ್ಕಳು ಅದರಲ್ಲಿದ್ದರು. ಬಣ್ಣಕ್ಕೆ ಬಿಡುವ ಮೊದಲು ನಾನು ಎಡಮಗ್ಗುಲಿನ ರಿವೆಟ್ಟುಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿ ನೋಡಿದೆ. ಕಚ್ಚಿದ ರಿವೆಟ್ ತಿರುಗಬಾರದು. ಇನ್ನೂರ ಹನ್ನೆರಡರಲ್ಲಿ ಅರವತ್ತೊಂದು ತಿರುಗಿದವು. ಡೈರಿ ತೆಗೆದೆ. ಅಂಗಡಿಯಿಂದ ಹೊಸದಾಗಿ ತಂದ ಬಿಟ್ಟಿನಲ್ಲಿ ಹೊಡೆದದ್ದು ಎಪ್ಪತ್ತನಾಲ್ಕು. ಅವುಗಳಲ್ಲಿ ಒಂದೂ ಅಲುಗಲಿಲ್ಲ. ಅರವತ್ತೊಂದೂ ಉಸ್ತಾದರು ಸಾಣೆ ಹಿಡಿದ ಬಿಟ್ಟಿನವು. ಇನ್ನೊಂದು ಸಲ ಎಣಿಸಿದೆ.

ಮೂರು ಗಂಟೆಗೆ ಅವರ ಎದುರು ನಿಂತೆ.

“ಉಸ್ತಾದ್ರಿ, ವ್ಯಾನಿನ ಎಡಮಗ್ಗಲ ಅರವತ್ತೊಂದು ರಿವೆಟ್ ತಿರಗಾಕತ್ತಾವರಿ.”

“ಯಾರ ಹೊಡದಾರ?”

“ನಾನು, ಮಹಾದೇವಪ್ಪ. ಗನ್ನಿನ ತಪ್ಪಲ್ಲರಿ. ತೂತ ದೊಡ್ಡವಾಗ್ಯಾವ. ಬಿಟ್ಟಿನ ಮೂತಿ ಒಂದ ಕಡೆ ಜಗ್ಗ್ಯಾದ.”

“ಯಾವ ಬಿಟ್ಟು?”

“ನೀವು ಸಾಣಿ ಹಿಡದದ್ದರಿ.”

ಶೆಡ್ಡಿನಲ್ಲಿ ಎಲ್ಲ ಕೈಗಳೂ ನಿಂತವು. ಅವರ ಕೈಯಲ್ಲಿ ಎರಡು ಹಿಡಿಕೆಯ ರಿವೆಟ್ ಗನ್ ಇತ್ತು.

“ಮೂವತ್ತ ವರ್ಷ ಆತು ಸಾಣಿ ಹಿಡ್ಯಾಕತ್ತಿ. ನಿನ್ನ ಪುಸ್ತಕದಾಗ ನನ್ನ ಕೈ ತಪ್ಪ್ಯಾದ ಅಂತ ಅದ ಏನಲೇ, ಮುನ್ಶಿ?”

“ಹೌದ್ರಿ, ಅದ.”

ಮೊದಲನೇ ಏಟು ಭುಜಕ್ಕೆ. ಎರಡನೆಯದಕ್ಕೆ ತಲೆ ಉಳಿಸಿಕೊಳ್ಳಲು ಎಡಗೈ ಅಡ್ಡ ಹಿಡಿದೆ. ಮೂಳೆ ಮುರಿದದ್ದು ನನಗೆ ಮೊದಲು ಕೇಳಿಸಿತು, ಆಮೇಲೆ ನೋವಾಯಿತು. ರಿವೆಟ್ಟಿನ ಮೊಳೆ ಮುರಿದಂಥದೇ ಶಬ್ದ. ಕೆಳಗೆ ಬಿದ್ದವನ ಪಕ್ಕೆಗೆ ಎರಡು ಸಲ ಒದ್ದರು. ಮಹಾದೇವಪ್ಪ ಹಿಂದಿನಿಂದ ತಬ್ಬಿ ಹಿಡಿದು ಎತ್ತದಿದ್ದರೆ ಎಲ್ಲಿಗೆ ನಿಲ್ಲಿಸುತ್ತಿದ್ದರೋ ಗೊತ್ತಿಲ್ಲ. ಅವನ ತೋಳಲ್ಲಿ ಒದ್ದಾಡುತ್ತ “ನನ್ನ ಕೈ! ನನ್ನ ಕೈ ತಪ್ಪತದ ಅಂತಾನ!” ಎಂದು ಅರಚುತ್ತಿದ್ದರು.

ಶೆಡ್ಡಿನ ಮಾಲಕರು ಬಂದರು. ಮೆತ್ತಗಿನ ಮಾತಿನವರು. “ತಮ್ಮಾ, ದವಾಖಾನ್ಯಾಗ ಜಾರಿ ಬಿದ್ದೆ ಅಂತ ಹೇಳು. ಸೋಮವಾರ ವ್ಯಾನ್ ಹೋಗಬೇಕದ, ರಗಳಿ ಬ್ಯಾಡ,” ಅಂದರು. ನಾನು ಹಾಗೆಯೇ ಹೇಳಿದೆ. ಡೈರಿಯಲ್ಲಿ ಮಾತ್ರ ಸರಿಯಾಗಿ ಬರೆದೆ. ಆ ಮೂವತ್ತೊಂದರಲ್ಲಿ ಕೊನೆಯ ನಾಲ್ಕು ಅವತ್ತಿನವು.

ಭಾನುವಾರ ಬೆಳಿಗ್ಗೆ ಪ್ಲಾಸ್ಟರ್ ಕಟ್ಟಿದ ಕೈ ಹೊತ್ತುಕೊಂಡು ಶೆಡ್ಡಿಗೆ ಹೋದೆ. ವ್ಯಾನಿನ ಒಂದು ತಗಡನ್ನಾದರೂ ಕಿತ್ತು ಬೀಳಿಸಿದರೆ ಸೋಮವಾರ ಅದು ಹೊರಡುವುದಿಲ್ಲ ಎಂಬುದೊಂದೇ ಯೋಚನೆ. ಒಂದೇ ಕೈಯಲ್ಲಿ ರಿವೆಟ್ ಕಡಿಯುವ ಛೇಣಿ ಹಿಡಿಯುವುದು ಹೇಗೆ, ಸುತ್ತಿಗೆ ಬಡಿಯುವುದು ಹೇಗೆ ಎಂದು ದಾರಿಯುದ್ದಕ್ಕೂ ಚಿಂತಿಸಿದ್ದೆ. ಬಾಗಿಲು ತೆರೆದಿತ್ತು. ಒಳಗೆ ಉಸ್ತಾದರು ಒಬ್ಬರೇ ಇದ್ದರು, ನೆಲದ ಮೇಲೆ. ಮುಂದೆ ಒಂದು ಉದ್ದ ತಗಡಿನ ಪಟ್ಟಿ. ಅದರ ತುಂಬ ಅವರದೇ ಬಿಟ್ಟಿನಿಂದ ಕೊರೆದ ಹೊಸ ರಂಧ್ರಗಳು. ಒಂದೊಂದರಲ್ಲೂ ರಿವೆಟ್ ಇಟ್ಟು ಪಟ್ಟಿಯನ್ನು ಕವುಚಿದರು. ಎಲ್ಲ ರಿವೆಟ್ಟುಗಳೂ ಉದುರಿದವು. ಆರಿಸಿಕೊಂಡು ಮತ್ತೆ ಇಟ್ಟರು, ಮತ್ತೆ ಕವುಚಿದರು. ಮತ್ತೆ ಉದುರಿದವು.

ತಲೆ ಎತ್ತದೆ ಕೇಳಿದರು: “ಎಂದಿನಿಂದ?”

“ಯುಗಾದಿ ಆದ ಮ್ಯಾಲಿಂದರಿ. ಅದಕ್ಕೂ ಮೊದಲಿಂದು ಸರಿ ಇರಬೇಕು.”

“ನಿನಗ ಯಾವಾಗ ಗೊತ್ತಾತು?”

“ನಿನ್ನೆ.”

“ಮೊದಲ ಗೊತ್ತಾಗಿದ್ರ ಹೇಳ್ತಿದ್ದೇನು?”

ಸುಳ್ಳು ಹೇಳಬಹುದಿತ್ತು. “ಇಲ್ಲರಿ,” ಅಂದೆ. “ನಿಮ್ಮ ಕಣ್ಣು ಮಂಜಾಗ್ಯಾದ ಅಂತ ಇಲ್ಲಿ ಎಲ್ಲಾರಿಗೂ ಗೊತ್ತದ. ಯಾರೂ ಹೇಳಲಿಲ್ಲ. ನೀವು ಬಡೀತೀರಿ.”

ಉದುರಿದ ರಿವೆಟ್ಟುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. ಆಮೇಲೆ, “ಯುಗಾದಿಯಿಂದ ಎಷ್ಟು ಗಾಡಿ ಹೊರಗ ಹೋಗ್ಯಾವ?”

ಅದೂ ನನ್ನ ಹತ್ತಿರ ಇತ್ತು. “ಹನ್ನೊಂದು.”

ಅವರು ಎದ್ದರು. ನಾನು ಹಿಂದೆ ಸರಿದು ಗೋಡೆಗೆ ಒತ್ತಿ ನಿಂತೆ. ಅವರು ನನ್ನ ಕಡೆ ಬರಲಿಲ್ಲ. ಸುತ್ತಿಗೆ, ಛೇಣಿ ತೆಗೆದುಕೊಂಡು ವ್ಯಾನಿನ ಮೇಲೆ ಬಿದ್ದರು. ಕಿತ್ತರು ಎನ್ನಲಾರೆ, ಕೊಂದರು ಎನ್ನಬೇಕು. ರಿವೆಟ್ಟಿನ ತಲೆಗಳು ಹಾರಿ ಹಾರಿ ಗೋಡೆಗೆ ಬಡಿದವು. ಸಡಿಲಾದ ತಗಡನ್ನು ಬರಿಗೈಯಿಂದ ಹಿಡಿದು ಹರಿದರು. ಅಂಚು ಮುಂಗೈ ಸೀಳಿತು, ಬಿಳಿ ತಗಡಿನ ಮೇಲೆ ರಕ್ತ ಗೀಟು ಗೀಟಾಗಿ ಇಳಿಯಿತು. ನಿಲ್ಲಿಸಲಿಲ್ಲ. ಒಂದು ತಾಸಿನಲ್ಲಿ ವ್ಯಾನ್ ಬರೀ ಎಲುಬಾಗಿತ್ತು.

ಸೋಮವಾರ ಮಾಲಕರು ಅದನ್ನು ನೋಡಿ ತಲೆ ಹಿಡಿದುಕೊಂಡು ಕೂತರು. “ಸಾಲ್ಯಾಗಿನವರಿಗಿ ನಾ ಏನ್ ಹೇಳ್ಲರಿ, ಉಸ್ತಾದ್?”

“ತೂತ ತಪ್ಪ್ಯಾವ ಅಂತ ಹೇಳ್ರಿ.”

“ಯಾರ ತಪ್ಪು ಅಂತ ಕೇಳಿದ್ರ?”

ಉಸ್ತಾದರು ಎದ್ದು ಹೊರಟರು. ಹಾರ್ಡ್‌ವೇರ್ ಅಂಗಡಿಯಿಂದ 6.5ರ ಹೊಸ ಬಿಟ್ಟುಗಳ ಪೊಟ್ಟಣ ತಂದು ಮಹಾದೇವಪ್ಪನ ಕೈಗೆ ಕೊಟ್ಟರು. ಕೆಟ್ಟ ರಂಧ್ರವನ್ನು ಇನ್ನಷ್ಟು ಕೊರೆದು 6.4ರ ದಪ್ಪ ರಿವೆಟ್ ಹಾಕುವುದೊಂದೇ ದಾರಿ. ವ್ಯಾನ್ ಗುರುವಾರ ಹೋಯಿತು. ಎಲ್ಲ ರಿವೆಟ್ಟುಗಳನ್ನೂ ನಾನೇ ತಿರುಗಿಸಿ ನೋಡಿದ್ದೆ.

ಆಮೇಲೆ ಹದಿನಾರು ದಿನ ನಾವಿಬ್ಬರೂ ಹೊರಗೆ ಹೋಗಿದ್ದ ಆ ಹನ್ನೊಂದು ಗಾಡಿಗಳ ಹಿಂದೆ ಬಿದ್ದೆವು. ಪಟ್ಟಿ ನನ್ನದು, ಕೈ ಅವರದು. ಶರಣಸಿರಸಗಿಯಲ್ಲಿ ಇಟ್ಟಂಗಿ ಹೊರುವ ಟೆಂಪೊ, ಗಂಜ್ ಮಾರುಕಟ್ಟೆಯಲ್ಲಿ ಬೇಳೆಯ ಗಾಡಿ, ಹೀಗೆ ಒಂಬತ್ತು. ಇಬ್ಬರ ನಡುವೆ ಬೇಕಾದಷ್ಟೇ ಮಾತು. ನನ್ನ ಕೈ ಮುರಿದದ್ದರ ಬಗ್ಗೆ ಅವರು ಒಂದು ಶಬ್ದವನ್ನೂ ಆಡಲಿಲ್ಲ. ನಾನೂ ಕೇಳಲಿಲ್ಲ. ಅವರು ಹತ್ತಿರ ಬಂದಾಗಲೆಲ್ಲ ನನ್ನ ಭುಜ ತಾನಾಗಿ ಮೇಲೇಳುತ್ತಿತ್ತು. ಅದು ಅವರಿಗೆ ಕಾಣುತ್ತಿತ್ತು.

ಹತ್ತನೆಯದು ಕಮಲಾಪುರದಲ್ಲೇ ಇತ್ತು. ಬಾಳೆಹಣ್ಣು ಸಾಗಿಸುವ ಟೆಂಪೊ. ಅದರ ಯಜಮಾನ ಉಸ್ತಾದರ ಓಣಿಯವನೇ, ಮೂವತ್ತರ ಪ್ರಾಯ, ಅವರನ್ನು ಕಾಕಾ ಎನ್ನುವವನು. ಬಸ್ ನಿಲ್ದಾಣದ ಹತ್ತಿರ ಗೊನೆ ಇಳಿಸುತ್ತಿದ್ದ.

“ಗಾಡಿ ಖಾಲಿ ಮಾಡು. ಪತ್ರಾ ಬಿಚ್ಚಬೇಕದ,” ಅಂದರು ಉಸ್ತಾದರು.

“ಯಾಕ ಕಾಕಾ, ಹೊಸಾ ಬಾಡಿ?”

“ತೂತ ದೊಡ್ಡವಾಗ್ಯಾವ. ರಿವೆಟ್ ಹಿಡದಿಲ್ಲ. ನನ್ನ ಕೈ ತಪ್ಪ್ಯಾದ.”

ಆ ಮಾತು ಅವರ ಬಾಯಿಂದ ಹೊರಬಿದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನು ನಗುತ್ತ ಹೋಗಿ ಹಿಂಬದಿಯ ಮೂಲೆ ಹಿಡಿದು ಜಗ್ಗಿದ. ತಗಡು ಬಾಯಿ ತೆರೆಯಿತು. ಅವನ ನಗು ನಿಂತಿತು.

“ಹೋದ ವಾರ ನನ್ನ ಮಗಳು ಇಲ್ಲೇ ಕೈ ಕೊಯ್ಕೊಂಡಾಳ. ಆರು ಹೊಲಿಗಿ. ಹುಡುಗೀನೇ ಎಲ್ಲೋ ಕೈ ಹಾಕ್ಯಾಳಂತ ನಾ ಆಕಿಗೇ ಬಡದೀನಿ!” ಅಂದವನೇ ತಿರುಗಿ ಉಸ್ತಾದರ ಕೆನ್ನೆಗೆ ಹೊಡೆದ. ತಡೆಯುವ ಮೊದಲೇ ಇನ್ನೊಂದು. ಅವರ ತುಟಿ ಒಡೆಯಿತು. ಹಣ್ಣಿನವರು, ಆಟೊದವರು, ಅವರನ್ನು ನಲವತ್ತು ವರ್ಷದಿಂದ ಕಂಡವರು ಸುತ್ತ ನಿಂತರು. “ಹಿರಿಯರಿಗೆ ಕೈ ಮಾಡ್ತೀಯೇನೋ?” ಎಂದು ಯಾರೋ ಕೂಗಿದರು.

ಉಸ್ತಾದರ ಬಲಗೈ ಮುಷ್ಟಿಯಾದದ್ದನ್ನು ನೋಡಿದೆ. ಆ ಮುಷ್ಟಿ ನನಗೆ ಚೆನ್ನಾಗಿ ಗೊತ್ತು. ಮೊಣಕೈ ಹಿಂದಕ್ಕೆ ಹೋಯಿತು. ಅಲ್ಲೇ ನಿಂತಿತು.

“ಹುಡುಗೀದು ಯಾವ ಕೈ?” ಕೇಳಿದರು.

“ಬಲಗೈ.”

ಅವರು ರಕ್ತ ಉಗುಳಿದರು. ನನ್ನ ಕಡೆ ತಿರುಗಿ, “ಛೇಣಿ ತಾ,” ಅಂದರು. ಗಾಡಿಯ ಕೆಳಗೆ ಕೂತು ಮೊದಲ ರಿವೆಟ್ ಕೀಳುವಾಗ, “ಇದನ್ನೂ ಬರೀತಿಯೇನು?” ಎಂದರು.

“ಬರೀತೀನ್ರಿ.”

“ಬರಿ.”

ಹನ್ನೊಂದನೆಯದು ಸಿಗಲಿಲ್ಲ. ಹಸಿರು ಬಣ್ಣದ ಸರಕಿನ ಗಾಡಿ. ಮಾಡಿಸಿದವನು ಒಂದೇ ತಿಂಗಳಿಗೆ ಜಹೀರಾಬಾದಿನ ಕಡೆಯವರಿಗೆ ಮಾರಿದ್ದ, ಅವರು ಇನ್ಯಾರಿಗೋ. ಉಸ್ತಾದರು ಎರಡು ಸಲ ಹೋಗಿ ಬಂದರು. ಆಮೇಲೆ ಶೆಡ್ಡಿಗೆ ಬರುವುದನ್ನು ಬಿಟ್ಟರು. ಜನವರಿಯಲ್ಲಿ ಎದೆನೋವಿನಿಂದ ತೀರಿಕೊಂಡರು.

ಆ ಗಾಡಿಯಲ್ಲಿ ನಾನೂರ ಆರು ರಿವೆಟ್ಟುಗಳಿವೆ. ಅವುಗಳಲ್ಲಿ ನೂರ ಐವತ್ತು ನನ್ನ ಕೈಯವು. ಮೊದಲ ರಿವೆಟ್ ಒಳಗೆ ಸಲೀಸಾಗಿ ಜಾರಿದಾಗಲೇ ನನಗೆ ಅನುಮಾನ ಬಂದಿತ್ತು; ಉಸ್ತಾದರಿಗೆ ‘ನಿನ್ನೆ’ ಎಂದದ್ದು ಪೂರ್ತಿ ನಿಜವಲ್ಲ. ಉಸ್ತಾದರು ಎರಡು ಮಾರು ದೂರದಲ್ಲಿ ನಿಂತಿದ್ದರು. ನಾನು ತಲೆ ತಗ್ಗಿಸಿ ಗನ್ ಜಗ್ಗಿದೆ. ಈಗ ಹುಮನಾಬಾದ್ ರಸ್ತೆಯಲ್ಲಿ ಎದುರಿನಿಂದ ಹಸಿರು ಗಾಡಿ ಬಂದರೆ ಬೈಕನ್ನು ಡಾಂಬರಿನಿಂದ ಕೆಳಗಿಳಿಸಿ, ಅದು ದಾಟಿ ಹೋಗುವವರೆಗೆ ನಿಲ್ಲುತ್ತೇನೆ. ಹಿಂದಿನಿಂದ ಸೈಕಲ್ಲಿನ ಮೇಲೆ ಬರುವವರಿಗೆ ನಾನು ಯಾಕೆ ನಿಂತೆನೆಂದು ತಿಳಿಯುವುದಿಲ್ಲ. ಅವರು ಮುಂದೆ ಹೋಗುತ್ತಾರೆ.